ಅರ್ತ್ ಪಿನ್ ಕಿತ್ತವನು

ಕದ್ರಿ, ಮಂಗಳೂರು
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಬ್ಯಾರಿ ಅಫ್ರೋಝನಿಗೆ,

ಮಸೀದಿಯ ಬ್ಯಾರಿಗೆ ಚರ್ಚಿನ ಪೊರ್ಬು ಬ್ರಯಾನನ ನಮಸ್ಕಾರ, ಸಲಾಂ ಮತ್ತು ದೇವ್ ಬರೆಂ ಕರುಂ. ಮೂರರಲ್ಲಿ ಯಾವುದು ಹಿಡಿಸುತ್ತದೋ ಅದನ್ನು ಇಟ್ಟುಕೋ, ಉಳಿದೆರಡನ್ನು ವಾಪಸ್ ಕಳಿಸು. ವಾಪಸ್ ಕಳಿಸುವ ನೆಪದಲ್ಲಾದರೂ ನಿನ್ನ ಕೈಬರಹ ನೋಡಬಹುದು.

ಕವರಿನ ಮೇಲೆ ಟೈಪ್ ಮಾಡಿದ ವಿಳಾಸ ನೋಡಿ ಯಾವುದೋ ಇಲಾಖೆಯ ನೋಟೀಸು ಅಂದುಕೊಂಡು ಗಾಬರಿಯಲ್ಲಿ ಒಡೆದಿರುತ್ತೀ. ಉಪಾಯ ನನ್ನದಲ್ಲ, ಝಹ್ರಾಳದ್ದು. ಹೋದ ವಾರ ನಿನ್ನ ಹೆಂಡತಿ ಬಂದರಿನ ಮೀನು ಮಾರ್ಕೆಟಿನಲ್ಲಿ ಸಿಕ್ಕಿದಳು. ನನ್ನನ್ನು ಕಂಡು ಮುಖ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ನನ್ನ ಗ್ಲೆನಿಟಾಳ ಬೆರಳು ಈಗ ಹೇಗುಂಟು ಅಂತ ಕೇಳಿದಳು. ನಾನು ನಿನ್ನ ವಿಷಯ ಕೇಳಿದೆ. ಅವರು ನಿಮ್ಮ ಫೋನ್ ಎತ್ತುವುದಿಲ್ಲ ಬ್ರಯಾನಣ್ಣ, ಮೆಸೇಜ್ ಓದುವುದೂ ಇಲ್ಲ, ಆದರೆ ಟೈಪ್ ಮಾಡಿದ ಕವರ್ ಬಂದರೆ ಸಾಕು, ಊಟ ಬಿಟ್ಟು ಎದ್ದು ಒಡೀತಾರೆ, ಅಂದಳು. ಹಾಗೆ ನಿನ್ನ ಹೊಸ ಅಂಗಡಿಯ ವಿಳಾಸವೂ ಸಿಕ್ಕಿತು.

ತೊಕ್ಕೊಟ್ಟಿನಲ್ಲಿ ಅಡುಗೆಮನೆಯ ಮಿಕ್ಸಿ ರಿಪೇರಿ ಮಾಡುತ್ತಿದ್ದೀಯಂತೆ. ಇಪ್ಪತ್ತನಾಲ್ಕು ಚಾನೆಲ್ಲಿನ ಸೌಂಡ್ ಮಿಕ್ಸರ್ ಬಿಟ್ಟು ಮಿಕ್ಸಿಗೆ ಇಳಿದೆ ಅಂತಾಯಿತು. ಈ ವಾಕ್ಯ ಬರೆದು ತುಂಬ ಹೊತ್ತು ನೋಡಿದೆ. ಒಳ್ಳೆಯ ಶ್ಲೇಷೆ, ಕೆಟ್ಟ ಸುದ್ದಿ. ಹೊಡೆದುಹಾಕೋಣ ಅಂತ ಪೆನ್ ಎತ್ತಿದೆ, ಆಮೇಲೆ ಬಿಟ್ಟೆ. ನನ್ನ ಕೈ ಯಾವುದನ್ನು ಮೊದಲು ಬರೀತದೆ ಅಂತ ನಿನಗೆ ಗೊತ್ತಿರುವುದು ಒಳ್ಳೆಯದು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಗಿಟಾರಿನ ಪೆಡಲುಗಳು ಗುಂಯ್‌ಗುಡುತ್ತಿವೆ.

ನಿನಗೆ ಗೊತ್ತಿರುವ ಅವೇ ನಾಲ್ಕು ಪೆಟ್ಟಿಗೆಗಳು. ಶ್ರುತಿ ನೋಡುವ ಟ್ಯೂನರ್, ಗಿಟಾರಿನ ಗಂಟಲು ಒಡೆಸುವ ಡ್ರೈವ್, ಒಬ್ಬನನ್ನು ಇಬ್ಬರ ಹಾಗೆ ಕೇಳಿಸುವ ಕೋರಸ್, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಡಿಲೇ. ಈ ಕೊನೆಯದಕ್ಕೆ ನೀನು ‘ನಿಮ್ಮ ಕಾಲೇಜಿನ ಸ್ಟಾಫ್ ಮೀಟಿಂಗ್’ ಅಂತ ಹೆಸರಿಟ್ಟಿದ್ದೆ. ನಾಲ್ಕನ್ನೂ ಹಲಗೆಯ ಮೇಲೆ ಸಾಲಾಗಿ ಅಂಟಿಸಿ, ಒಂದು ಕಡೆಯಿಂದ ಗಿಟಾರ್, ಇನ್ನೊಂದು ಕಡೆಗೆ ಸದ್ದು ದೊಡ್ಡದು ಮಾಡುವ ಆಂಪ್ ಜೋಡಿಸಿದರೆ, ತಂತಿ ಮುಟ್ಟುವ ಮೊದಲೇ ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ ಶುರುವಾಗುತ್ತದೆ. ಇಂಗ್ಲಿಷಿನವರು ಇದಕ್ಕೆ ಹಮ್ ಅನ್ನುತ್ತಾರೆ. ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಹಮ್ಮು ಇಳಿಸುವುದು ಹೇಗೆ ಅಂತ ಕಲಿಯುತ್ತಿದ್ದೇನೆ. ನಗಬೇಡ. ನಕ್ಕರೂ ಅಡ್ಡಿಯಿಲ್ಲ.

ಮೊದಲು ಕರೆಂಟಿನ ಕಡೆ ನೋಡಿದೆ. ಒಂದೇ ಅಡಾಪ್ಟರಿನಿಂದ ನಾಲ್ಕು ಪೆಡಲಿಗೂ ಸರಪಳಿಯಾಗಿ ವಯರ್ ಎಳೆದಿದ್ದೆ. ನಾಲ್ಕು ಸಂಸಾರಕ್ಕೆ ಒಂದೇ ಬಚ್ಚಲು. ಒಬ್ಬರ ಕೊಳೆ ಇನ್ನೊಬ್ಬರ ಮೈಗೆ. ಒಂದೊಂದಕ್ಕೂ ಬೇರೆ ಬೇರೆ ಬಾಯಿ ಇರುವ ಪವರ್ ಪೆಟ್ಟಿಗೆ ತಂದು ಹಾಕಿದೆ. ಗುಂಯ್ ಅರ್ಧಕ್ಕೆ ಇಳಿಯಿತು. ಆಮೇಲೆ ಕರೆಂಟಿನ ವಯರುಗಳನ್ನೂ ಗಿಟಾರಿನ ವಯರುಗಳನ್ನೂ ಒಂದೇ ಕಟ್ಟಿನಲ್ಲಿ ಬಿಗಿದಿದ್ದು ನೆನಪಾಯಿತು. ಬಿಚ್ಚಿ ಬೇರೆ ಮಾಡಿದೆ. ಹಾದು ಹೋಗಲೇಬೇಕಾದಲ್ಲಿ ಅಡ್ಡಡ್ಡಕ್ಕೆ ದಾಟಿಸಿದೆ. ನಮ್ಮ ಹಳೆಯ ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಹುಡುಗ ಹುಡುಗಿಯರಿಗೆ ಮಾಡಿದ್ದ ನಿಯಮವೇ ಇದು: ಎದುರಾಗಿ ದಾಟಬಹುದು, ಪಕ್ಕಪಕ್ಕ ನಡೆಯಬಾರದು. ಆ ಮನುಷ್ಯ ಕೆಮಿಸ್ಟ್ರಿ ಬಿಟ್ಟು ಸೌಂಡಿಗೆ ಬರಬೇಕಿತ್ತು.

ಪೆಡಲಿಂದ ಪೆಡಲಿಗೆ ಹೋಗುವ ಗಿಡ್ಡ ವಯರುಗಳಲ್ಲಿ ಎರಡು ಸತ್ತಿದ್ದವು. ಒಂದನ್ನು ಅಲ್ಲಾಡಿಸಿದರೆ ಯಾವುದೋ ರೇಡಿಯೋ ಸ್ಟೇಷನ್ನಿನ ವಾರ್ತೆ ಬರುತ್ತಿತ್ತು. ಅದನ್ನು ಬದಲಿಸಲು ಸ್ವಲ್ಪ ಬೇಸರವಾಯಿತು. ಮನೆಯಲ್ಲಿ ಮಾತಾಡುವವರು ಆ ವಾರ್ತೆಯವರೊಬ್ಬರೇ ಇದ್ದರು.

ಆಮೇಲೆ ಗಿಟಾರ್ ಹಿಡಿದು ನಿಲ್ಲುವ ದಿಕ್ಕು. ನನ್ನ ಹಳೆಯ ಗಿಟಾರಿನಲ್ಲಿ ತಂತಿಯ ಸದ್ದು ಹಿಡಿಯುವ ಪಿಕಪ್ಪಿಗೆ ಗಾಳಿಯಲ್ಲಿರುವ ಗುಂಯ್ ಎಲ್ಲ ಬೇಕು. ಬಾಗಿಲ ಕಡೆ ತಿರುಗಿದರೆ ಜಾಸ್ತಿ, ಪಶ್ಚಿಮಕ್ಕೆ ತಿರುಗಿದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕದ್ರಿಯ ಬಾಡಿಗೆ ಮನೆಯ ಮಹಡಿಯಲ್ಲಿ ಒಬ್ಬ ಕಥೋಲಿಕ ದಿನಕ್ಕೆ ಎರಡು ಸಲ ಶ್ರದ್ಧೆಯಿಂದ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವುದನ್ನು ಕಂಡಿದ್ದರೆ ನೀನು ಒಂದು ವಾರ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ಇಷ್ಟಾದರೂ ಉಳಿಯಿತು. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಮನೆಯ ಒಂದೊಂದೇ ಸ್ವಿಚ್ ಆರಿಸಿಕೊಂಡು ಬಂದೆ. ಫ್ರಿಜ್ಜು, ಟ್ಯೂಬ್‌ಲೈಟು, ಇನ್ವರ್ಟರು, ಫೋನಿನ ಚಾರ್ಜರು. ಪ್ರತಿ ಸಲ ಓಡಿ ಬಂದು ಆಂಪಿಗೆ ಕಿವಿ ಇಟ್ಟೆ. ಒಂದೊಂದು ಆರಿದಾಗಲೂ ಸ್ವಲ್ಪ ಸ್ವಲ್ಪ. ಕೊನೆಗೆ ಉಳಿದದ್ದು ಆಲ್ತಾರಿನಲ್ಲಿ ಯೇಸುವಿನ ಪಟದ ಕೆಳಗೆ ಗ್ಲೆನಿಟಾ ಹಗಲೂ ರಾತ್ರಿ ಉರಿಸುತ್ತಿದ್ದ ಕೆಂಪು ದೀಪ. ಅದನ್ನು ಆರಿಸಿದಾಗ ನಿಜವಾಗಿಯೂ ಒಂದು ಎಳೆ ಕಡಿಮೆಯಾಯಿತು. ಮನೆ ಇಡೀ ಸತ್ತ ಹಾಗೆ ಕೂತಿತು. ಎರಡು ನಿಮಿಷ ತಡೆದುಕೊಂಡೆ, ಆಮೇಲೆ ದೀಪ ಹಾಕಿದೆ. ಆ ಒಂದು ಎಳೆ ಗುಂಯ್ ಇರಲಿ ಬಿಡು ಅಂತ.

ಗ್ಲೆನಿಟಾ ಮನೆಯಲ್ಲಿಲ್ಲ ಅಂತ ಇಷ್ಟರಲ್ಲಿ ನಿನಗೆ ಗೊತ್ತಾಗಿರಬೇಕು. ಏಪ್ರಿಲಿನಿಂದ ಕುಲಶೇಖರದಲ್ಲಿ ಅವಳ ತಾಯಿ ಮಟಿಲ್ಡಾ ಆಂಟಿಯ ಮನೆಯಲ್ಲಿದ್ದಾಳೆ. ಬಸ್ಸಿನಲ್ಲಿ ಹೋದರೆ ಇಪ್ಪತ್ತು ನಿಮಿಷ. ನೇತ್ರಾವತಿ ಸೇತುವೆ ದಾಟಿ ನಿನ್ನ ಅಂಗಡಿಗೆ ಬಂದರೆ ನಲವತ್ತು. ಮಂಗಳೂರು ಇಷ್ಟು ದೊಡ್ಡ ಊರು ಅಂತ ನನಗೆ ಗೊತ್ತಿರಲಿಲ್ಲ.

ಸೋಮವಾರ ನಮ್ಮ ತೆನೆಹಬ್ಬ ಮೊಂತಿ ಫೆಸ್ತ್ ಆಯಿತು. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ತೆನೆ ಕೊಡುವಾಗ ತಲೆಗೊಂದರಂತೆ ಮನೆಗೆಷ್ಟು ಅಂತ ಕೇಳಿದರು. ಎರಡು ಅಂದೆ. ಅದು ಸುಳ್ಳಲ್ಲ, ಅರ್ಧ ನಿಜ. ಹೊಸ ಅಕ್ಕಿಯನ್ನು ಕಾಯಿಹಾಲಿಗೆ ಹಾಕಿ, ಎಲ್ಲರೂ ಕೂತ ಮೇಲೆ ಹಿರಿಯರು ಒಬ್ಬೊಬ್ಬರಿಗೇ ಕೊಡಬೇಕು. ನಾನೇ ಹಿರಿಯ, ನಾನೇ ಕಿರಿಯ. ನನಗೆ ನಾನೇ ಚಮಚದಲ್ಲಿ ಕೊಟ್ಟು ನಾನೇ ತಲೆಬಾಗಿ ತೆಗೆದುಕೊಂಡೆ. ಆ ದಿನ ಮೀನು ಮಾಂಸ ಇಲ್ಲದ ಊಟ ಅಂತ ಗೊತ್ತಿದ್ದೂ ವರ್ಷ ವರ್ಷ ಬಂದು, ಮೂರು ಸಲ ಪಾಯಸ ಹಾಕಿಸಿಕೊಂಡು, ಪೊರ್ಬುಗಳೇ ನಿಮ್ಮ ಹಬ್ಬಕ್ಕಿಂತ ನಮ್ಮ ಉಪವಾಸ ಒಳ್ಳೆಯದು ಮಾರಾಯ ಅನ್ನುತ್ತಿದ್ದವನು ಈ ಸಲ ಬರಲಿಲ್ಲ. ಬೈಗುಳ ಇಲ್ಲದ ಪಾಯಸ ಸಪ್ಪೆಯಾಗಿತ್ತು.

ಇಂಟರ್‌ನೆಟ್ಟಿನಲ್ಲಿ ಎಲ್ಲರೂ ನಾಯ್ಸ್ ಗೇಟ್ ಅಂತ ಐದನೆಯ ಪೆಟ್ಟಿಗೆ ತೆಗೆದುಕೋ ಅಂದರು. ತೆಗೆದುಕೊಂಡೆ. ನೀನು ಬಾರಿಸದೆ ಸುಮ್ಮನಿರುವಾಗ ಅದು ಬಾಗಿಲು ಹಾಕಿಕೊಳ್ಳುತ್ತದೆ, ಸದ್ದೇ ಇಲ್ಲ. ಬಾರಿಸಲು ಶುರು ಮಾಡಿದೆಯೋ, ಬಾಗಿಲು ತೆರೆಯುತ್ತದೆ, ಸಂಗೀತದ ಹಿಂದೆಯೇ ಗುಂಯ್ ಕೂಡ ಚಪ್ಪಲಿ ಹಾಕಿಕೊಂಡು ಹೊರಗೆ ಬರುತ್ತದೆ. ಸದ್ದು ಹೋಗಿರುವುದಿಲ್ಲ, ಬಾಯಿ ಮುಚ್ಚಿರುತ್ತದೆ ಅಷ್ಟೆ. ಎಂಟು ತಿಂಗಳಿಂದ ನಾನು ಹಾಗೇ ಇದ್ದೇನೆ.

ಅಲ್ಲಿಗೆ ಬಂದೆ ನೋಡು. ಬರಬಾರದು ಅಂತಲೇ ಇಷ್ಟು ವಯರು ಸುತ್ತಿದ್ದು.

ಜನವರಿಯ ಆ ಶನಿವಾರದ ಮದುವೆ ರಿಸೆಪ್ಶನ್. ಹದಿನೆಂಟು ವರ್ಷದಿಂದ ಇದ್ದ ಹಾಗೆ ನಿನ್ನ ಸೌಂಡು, ಗ್ಲೆನಿಟಾಳ ಹಾಡು, ನನ್ನ ಗಿಟಾರು ಮತ್ತು ಬಾಯಿ. ನಮ್ಮವರ ರಿಸೆಪ್ಶನ್ನಿನಲ್ಲಿ ಟೋಸ್ಟ್ ಅಂದರೆ ಎಂತ ಅಂತ ನಿನಗೆ ಗೊತ್ತುಂಟು. ಬ್ಯಾಂಡು ನಿಲ್ಲುತ್ತದೆ, ಎಲ್ಲರ ಕೈಗೆ ವೈನಿನ ಗ್ಲಾಸ್ ಬರುತ್ತದೆ, ಇಡೀ ಹಾಲ್ ಎದ್ದು ನಿಂತು ಮಾತು ನಿಲ್ಲಿಸುತ್ತದೆ, ಮದುಮಕ್ಕಳಿಗೆ ನಾಲ್ಕು ಮಾತು ಹೇಳಿ ಹಾರೈಸುವುದು ನಾನು. ಕಾಲೇಜಿನಲ್ಲಿ ನಲವತ್ತು ಮಕ್ಕಳನ್ನು ಸುಮ್ಮನಿರಿಸಲಾಗದ ನನಗೆ ಆ ಸಾವಿರ ಜನರ ಮೌನ ಎಷ್ಟು ದೊಡ್ಡದು ಅಂತ ನಿನಗೊಬ್ಬನಿಗೇ ಹೇಳಿದ್ದೆ. ಅವತ್ತು ನನ್ನ ಹತ್ತಿರ ವರ್ಷದ ಅತಿ ಒಳ್ಳೆಯ ಜೋಕು ಇತ್ತು. ಮೆಲ್ಲಗೆ ಹೇಳಬೇಕಾದದ್ದು. ಸ್ಪೀಕರಿನಲ್ಲಿ ಗುಂಯ್ ಇತ್ತು.

ನಿನ್ನನ್ನು ಕರೆದೆ. ನನ್ನ ಆಂಪಿನಿಂದ ನಿನ್ನ ಮಿಕ್ಸರಿಗೆ ಬರುವ ದಾರಿಯಲ್ಲಿ ಇಟ್ಟಿದ್ದ ಆ ಸಣ್ಣ ಪೆಟ್ಟಿಗೆಯ ಸ್ವಿಚ್ ಒತ್ತಿದೆ ನೀನು. ಜೇನುನೊಣ ಸೊಳ್ಳೆಯಾಯಿತು. ಉಳಿದದ್ದು ಸ್ಟೇಜಿನ ಸಾಕೆಟ್ಟಿಂದ ಬರ್ತದೆ, ಹತ್ತು ನಿಮಿಷ ಕೊಡು, ನನ್ನ ಬೋರ್ಡಿಂದಲೇ ಲೈನ್ ಎಳೀತೇನೆ, ಎಲ್ಲವನ್ನೂ ಒಂದೇ ಕಡೆಯಿಂದ ತೆಗೀಬೇಕು ಮಾರಾಯ, ಎಷ್ಟು ಸಲ ಹೇಳಬೇಕು ನಿನಗೆ, ಅಂತ ಬೈದು ನೀನು ವಯರಿನ ಸುರುಳಿ ತರಲು ವ್ಯಾನಿಗೆ ಹೋದೆ. ಅಷ್ಟರಲ್ಲಿ ಮದುಮಗಳ ತಂದೆ ಕೈಸನ್ನೆ ಮಾಡಿದರು. ಗ್ಲಾಸುಗಳು ಹೊರಟಿದ್ದವು.

ನಾನು ನಿನ್ನದೇ ಟೂಲ್ ಬ್ಯಾಗಿನಿಂದ ನಿನ್ನದೇ ಕಟಿಂಗ್ ಪ್ಲೇಯರ್ ತೆಗೆದು, ಆಂಪಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಆಡಿಸಿ ಆಡಿಸಿ, ಹಲ್ಲು ಕೀಳುವ ಹಾಗೆ ಕಿತ್ತೆ. ಅರ್ತ್ ಪಿನ್ನು. ಉಳಿದೆರಡನ್ನು ಸಾಕೆಟ್ಟಿಗೆ ಒತ್ತಿದೆ. ಸೊಳ್ಳೆಯೂ ಸತ್ತಿತು. ಗಿಟಾರ್ ಪ್ಲೇಯರ್ ಒಬ್ಬ ಕಟಿಂಗ್ ಪ್ಲೇಯರ್ ಆದ ಕಥೆ, ಅಷ್ಟೆ. ಈ ಜೋಕನ್ನು ಜನವರಿಯಲ್ಲೇ ಮಾಡಿಟ್ಟಿದ್ದೆ ಅಂದರೆ ನಂಬುತ್ತೀಯಾ? ಪಿನ್ ಆಡಿಸುತ್ತಿದ್ದಾಗಲೂ ಮನಸ್ಸಿನ ಒಂದು ಮೂಲೆ ಅದನ್ನು ಬರೆದಿಟ್ಟುಕೊಂಡಿತ್ತು.

ಸೆಕೆಂಡ್ ಪಿಯುಸಿ ಮಕ್ಕಳಿಗೆ ಇಪ್ಪತ್ತೆರಡು ವರ್ಷದಿಂದ ಅರ್ತಿಂಗ್ ಕಲಿಸುತ್ತಿದ್ದೇನೆ. ಅರ್ತ್ ಇಲ್ಲದಿದ್ದರೆ ಅನರ್ಥ ಅಂತ ಪ್ರತಿ ವರ್ಷ ಹೇಳಿ ಪ್ರತಿ ವರ್ಷ ನಗಿಸುತ್ತೇನೆ. ನನಗೆ ಗೊತ್ತಿರಲಿಲ್ಲ ಅನ್ನಲು ದಾರಿಯೇ ಇಲ್ಲ. ನಿನ್ನ ಪೆಟ್ಟಿಗೆಯಲ್ಲಿ ನೀನು ಅರ್ತಿನ ಒಂದು ದಾರಿ ಮುಚ್ಚಿದ್ದೆ, ಪ್ಲಗ್ಗಿನಲ್ಲಿ ಇನ್ನೊಂದು ತೆರೆದಿದೆ ಅನ್ನುವ ನಂಬಿಕೆಯಲ್ಲಿ. ನಾನು ಆ ಇನ್ನೊಂದನ್ನು ಕಿತ್ತೆ. ನಮ್ಮ ಊರಿನ ಉಪ್ಪು ಗಾಳಿಗೆ ಆಂಪಿನ ಒಳಗೆ ಒಂದು ವಯರಿನ ಸಿಪ್ಪೆ ಕೊಳೆತಿತ್ತು. ಅಲ್ಲಿಂದ ಸೋರುವ ಕರೆಂಟನ್ನು ಇಷ್ಟು ದಿನ ಆ ಪಿನ್ನು ಸದ್ದಿಲ್ಲದೆ ಭೂಮಿಗೆ ಕುಡಿಸುತ್ತಿತ್ತು. ಅವತ್ತು ಅದು ಹೋಗಲು ಜಾಗ ಇಲ್ಲದೆ ನನ್ನ ಗಿಟಾರಿನ ತಂತಿಗೆ ಬಂದು ಕೂತಿತು. ರಬ್ಬರ್ ಅಟ್ಟೆಯ ಬೂಟು ಹಾಕಿ ಕಾರ್ಪೆಟ್ಟಿನ ಮೇಲೆ ನಿಂತ ನನಗೆ ಏನೂ ಗೊತ್ತಾಗಲಿಲ್ಲ.

ಗಿಟಾರ್ ಸ್ಟ್ಯಾಂಡಿಗಿಟ್ಟು ಹೇಳಿದ ಟೋಸ್ಟ್ ಚೆನ್ನಾಗಿ ಹೋಯಿತು. ಹಾಲ್ ಇಡೀ ನಕ್ಕಿತು. ನೀನು ವಯರಿನ ಸುರುಳಿ ಹೊತ್ತುಕೊಂಡು ಬಂದಾಗ ನಾನು, ಬೇಡ ಬಿಡು, ತನ್ನಷ್ಟಕ್ಕೆ ಸರಿಯಾಯಿತು, ಅಂದೆ. ತನ್ನಷ್ಟಕ್ಕೆ ಯಾವುದೂ ಸರಿಯಾಗುವುದಿಲ್ಲ ಪೊರ್ಬುಗಳೇ ಅಂತ ನೀನು ಹುಬ್ಬು ಗಂಟಿಕ್ಕಿ ಸ್ಟೇಜಿನ ಹಿಂದೆ ನೋಡಲು ಹೊರಟಿದ್ದೆ. ಆಗಲೇ ಯಾರೋ ಸ್ಟೇಜಿನ ಮಾನಿಟರ್ ಸ್ಪೀಕರ್ ಕೇಳ್ತಾ ಇಲ್ಲ ಅಂತ ನಿನ್ನನ್ನು ಎಳೆದುಕೊಂಡು ಹೋದರು.

ಮುಂದಿನದು ನಿನಗೆ ಗೊತ್ತು. ಎರಡನೆಯ ಹಾಡಿನ ಕೊನೆಯಲ್ಲಿ ಗ್ಲೆನಿಟಾ ಯಾವಾಗಲೂ ಮಾಡುವ ಹಾಗೆ, ಬಲಗೈಯಲ್ಲಿ ಮೈಕ್ ಹಿಡಿದುಕೊಂಡೇ ಬಂದು ಎಡಗೈಯಿಂದ ನನ್ನ ಗಿಟಾರಿನ ತಂತಿ ಮೀಟಿದಳು. ಜನ ಚಪ್ಪಾಳೆ ತಟ್ಟುವ ಜಾಗ ಅದು. ಮೈಕಿನ ವಯರು ನಿನ್ನ ಬೋರ್ಡಿನ ಮೂಲಕ ಭೂಮಿ ಮುಟ್ಟಿತ್ತು, ಕರೆಂಟಿಗೆ ಅವಳ ಮೈಯಲ್ಲಿ ದಾರಿ ಸಿಕ್ಕಿತು. ಅವಳು ಕೈ ಬಿಡಲಿಲ್ಲ. ಬಿಡಲು ಆಗಲಿಲ್ಲ. ಅವಳು ಇನ್ನೂ ನಟಿಸುತ್ತಿದ್ದಾಳೆ ಅಂದುಕೊಂಡು ಮುಂದಿನ ಸಾಲಿನವರು ತಟ್ಟುತ್ತಲೇ ಇದ್ದರು. ನಾನು, ಫಿಸಿಕ್ಸ್ ಎಂ.ಎಸ್ಸಿ., ಬಾಯಿ ತೆರೆದು ನಿಂತಿದ್ದೆ. ಮೇಜುಗಳ ಮೇಲಿಂದ ಹಾರಿ ಬಂದು ಮೇನ್ ಸ್ವಿಚ್ ಎಳೆದದ್ದು ನೀನು. ಹಾಲ್ ಕತ್ತಲಾಯಿತು. ಅವಳು ಬಿದ್ದ ಸದ್ದು ಮಾತ್ರ ಕೇಳಿಸಿತು.

ಆಸ್ಪತ್ರೆಯಲ್ಲಿ ಎರಡು ದಿನ. ಹೃದಯಕ್ಕೆ ಏನೂ ಆಗಿಲ್ಲ ಅಂದರು. ಎಡಗೈಯ ಎರಡು ಬೆರಳಿಗೆ ಈಸ್ಟರ್ ತನಕ ಸ್ಪರ್ಶ ಇರಲಿಲ್ಲ. ಈಗ ಬೆರಳು ಸರಿಯಾಗಿದೆ, ಆದರೆ ಮೈಕ್ ಮುಟ್ಟುವುದಿಲ್ಲ. ಇಗರ್ಜಿಯಲ್ಲಿ ಎಲ್ಲರ ಜೊತೆ ಹಾಡುತ್ತಾಳಂತೆ, ಕೊನೆಯ ಬ್ಯಾಂಚಿನಲ್ಲಿ ನಿಂತು.

ಭಾನುವಾರ ಬೆಳಿಗ್ಗೆ ಅವಳಿಗೆ ಗಂಜಿ ತರುತ್ತೇನೆ ಅಂತ ಆಸ್ಪತ್ರೆಯಿಂದ ಹೊರಟವನು ಮೊದಲು ಹೋದದ್ದು ಎಲೆಕ್ಟ್ರಿಕಲ್ ಅಂಗಡಿಗೆ. ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ಹಾಕಿ ಒಂದು ಪ್ಲಗ್ ಕೊಡಿ ಅಂತ ಕೇಳಿದೆ. ಮನೆಗೆ ಬಂದು ಹಳೆಯದನ್ನು ಕತ್ತರಿಸಿ ಹೊಸದನ್ನು ಕೂರಿಸಿದೆ. ಗಂಜಿ ಆಮೇಲೆ ಇಟ್ಟೆ.

ಮಧ್ಯಾಹ್ನ ನೀನು ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದೆ. ಕಣ್ಣು ಕೆಂಪಾಗಿತ್ತು. ನನ್ನ ಬೋರ್ಡನ್ನು ಮೂರು ಸಲ ಟೆಸ್ಟ್ ಮಾಡಿದೆ ಬ್ರಯಾನ್, ಎಲ್ಲ ಸರಿ ಉಂಟು, ನಿನ್ನ ಆಂಪ್ ಒಮ್ಮೆ ನೋಡ್ತೇನೆ, ಅಂದೆ. ನಾನು, ನೋಡು ಅಂದೆ. ನೀನು ಬಗ್ಗಿ ವಯರು ಹಿಡಿದು ತುದಿಯ ತನಕ ಬೆರಳಾಡಿಸಿದೆ. ಹತ್ತು ವರ್ಷ ಹಳೆಯ ಕಪ್ಪು ವಯರಿನ ತುದಿಯಲ್ಲಿ ಹಾಲಿನಂಥ ಬಿಳಿ ಪ್ಲಗ್. ಮೂರು ಪಿನ್ನೂ ಫಳಫಳ ಹೊಳೆಯುತ್ತಿದ್ದವು. ನೀನು ಅದನ್ನು ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ನಾನು ಚಾ ಮಾಡ್ತೇನೆ ಅಂದೆ.

ನೀನು ಚಾ ಕುಡಿದೆ. ಎದ್ದು ಹೋಗಿ ನಿನ್ನ ಗ್ಲಾಸನ್ನು ಸಿಂಕಿನಲ್ಲಿ ತೊಳೆದು ಕವುಚಿ ಇಟ್ಟೆ. ಹದಿನೆಂಟು ವರ್ಷದಲ್ಲಿ ನಮ್ಮ ಮನೆಯಲ್ಲಿ ನೀನು ಒಂದು ಚಮಚ ತೊಳೆದವನಲ್ಲ. ನಾನು ಅಳಿಯನ ಲೆಕ್ಕ, ಅಂತ ನೀನು ಗ್ಲೆನಿಟಾಳನ್ನು ರೇಗಿಸುತ್ತಿದ್ದೆ. ಅವತ್ತು ಪರರ ಮನೆಗೆ ಬಂದವರ ಹಾಗೆ ಗ್ಲಾಸ್ ತೊಳೆದಿಟ್ಟು, ಬರ್ತೇನೆ ಅಂತಲೂ ಹೇಳದೆ ಹೋದೆ. ನಲ್ಲಿಯ ಆ ನೀರಿನ ಸದ್ದಿಗೆ ಯಾವ ಪೆಡಲೂ ಸಿಗುವುದಿಲ್ಲ ಮಾರಾಯ, ಎಷ್ಟು ಹುಡುಕಿದರೂ.

ಹಾಗಾಗಿ ಪಿನ್ ಕಿತ್ತದ್ದು ನಾನು ಅಂತ ಈ ಕಾಗದ ನಿನಗೆ ಹೊಸದಾಗಿ ತಿಳಿಸುವುದು ಏನೂ ಇಲ್ಲ. ನಿನಗೆ ಅವತ್ತೇ ಗೊತ್ತಾಗಿತ್ತು. ಒಬ್ಬೊಬ್ಬರೇ ಹಾಲ್‌ನವರು ನಿನ್ನನ್ನು ಕರೆಯುವುದು ಬಿಟ್ಟಾಗ, ಬ್ಯಾರಿಯ ಸೌಂಡಿನಲ್ಲಿ ಹುಡುಗಿಗೆ ಶಾಕ್ ಹೊಡೆಯಿತಂತೆ ಅಂತ ಊರು ಮಾತಾಡಿದಾಗ, ನೀನು ಒಂದು ಸಲವಾದರೂ ಆ ಬಿಳಿ ಪ್ಲಗ್ಗಿನ ವಿಷಯ ಎತ್ತಬಹುದಿತ್ತು. ಎತ್ತಲಿಲ್ಲ. ನಾನೇ ಹೇಳುತ್ತೇನೆ ಅಂತ ಕಾದೆಯಾ, ಅಥವಾ ಹೇಳುವವನಲ್ಲ ಅಂತ ಗೊತ್ತಾಗಿ ಬಿಟ್ಟೆಯಾ, ಈ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಎಷ್ಟು ಮಧ್ಯಾಹ್ನ ಕೂತಿದ್ದೇನೆ. ಹಾಲ್‌ನ ಮ್ಯಾನೇಜರ್ ಅಲ್ಫೋನ್ಸ್ ಅಂಕಲ್ ನನ್ನನ್ನು ಏನಾಯಿತು ಅಂತ ಕೇಳಿದಾಗ ನಾನು ಸುಮ್ಮನಿದ್ದೆ. ಬಂದರಿನಲ್ಲಿ ಒಣಮೀನಿನ ಗೋಡೌನಿನ ಮೇಲಿದ್ದ ನಿನ್ನ ‘ಅಫ್ರೋಝ್ ಸೌಂಡ್ಸ್’ ಬೋರ್ಡು ಇಳಿಸುವ ದಿನ ಎದುರಿನ ಹೋಟೆಲಿನಲ್ಲಿ ಕೂತು ನೋಡಿದೆ, ಆಗಲೂ ಸುಮ್ಮನಿದ್ದೆ. ನಿನ್ನ ಸ್ಪೀಕರುಗಳನ್ನು ಯಾರೋ ಉಡುಪಿಯವರು ಟೆಂಪೋಗೆ ಹೇರುತ್ತಿದ್ದರು. ಇವು ಸೀಗಡಿ ವಾಸನೆ ಹೊಡೀತಾವಲ್ಲ ಅಂತ ಅವರು ಕೇಳಿದ್ದು ನನಗೆ ಕೇಳಿಸಿತು. ಬಾಸ್ ಜಾಸ್ತಿ ಇಟ್ಟರೆ ಹೋಗ್ತದೆ ಅಂತ ನೀನು ಹೇಳಿದ್ದೂ ಕೇಳಿಸಿತು. ನಿನ್ನ ಜೋಕಿಗೆ ನಗಲು ನಾನು ಅಲ್ಲಿರಬೇಕಿತ್ತು. ಇದ್ದೆ, ರಸ್ತೆಯ ಆಚೆ ಬದಿಯಲ್ಲಿ.

ಗ್ಲೆನಿಟಾಳಿಗೆ ಏಪ್ರಿಲಿನಲ್ಲಿ ಗೊತ್ತಾಯಿತು. ಹಳೆಯ ಪ್ಲಗ್ಗನ್ನು ನಾನು ಎಸೆದಿರಲಿಲ್ಲ, ತಂತಿಗಳ ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಯಾಕೆ ಅಂತ ಕೇಳಬೇಡ. ಅವಳು ಸೂಜಿ ಹುಡುಕುತ್ತ ಡಬ್ಬಿ ತೆರೆದಿದ್ದಾಳೆ. ಮಧ್ಯಾಹ್ನ ಊಟಕ್ಕೆ ಕೂತರೆ ನನ್ನ ತಟ್ಟೆಯ ಪಕ್ಕ ಎರಡು ಹಲ್ಲಿನ ಆ ಕಪ್ಪು ಪ್ಲಗ್. ಅವಳು ಅನ್ನ ಬಡಿಸಿದಳು, ಬಂಗುಡೆಯ ಪದಾರ್ಥ ಬಡಿಸಿದಳು. ಅಫ್ರೋಝನಿಗೆ ಹೇಳಿದ್ದೀಯಾ ಅಂತ ಒಂದೇ ಮಾತು ಕೇಳಿದಳು. ನಾಳೆ ಹೇಳ್ತೇನೆ ಅಂದೆ. ಹಾಗಾದರೆ ನಾನೂ ನಾಳೆ ಬರ್ತೇನೆ ಅಂತ ಬ್ಯಾಗ್ ತೆಗೆದುಕೊಂಡು ಹೋದಳು. ಅವಳು ಮಾತಿಗೆ ತಪ್ಪುವವಳಲ್ಲ. ನನ್ನ ನಾಳೆ ಇನ್ನೂ ಬಂದಿಲ್ಲ ಅಷ್ಟೆ.

ಹೆಂಡತಿಯನ್ನು ವಾಪಸ್ ತರಲು ಇವನು ನನ್ನ ಹತ್ತಿರ ತಪ್ಪೊಪ್ಪಿಗೆ ಬರೆಯುತ್ತಿದ್ದಾನೆ ಅಂತ ನಿನಗೆ ಅನ್ನಿಸುತ್ತದೆ. ನನಗೂ ಅನ್ನಿಸಿತು. ಹಾಗೆ ಅನ್ನಿಸಬಾರದು ಅಂತಲೇ ಐದು ತಿಂಗಳು ಬರೆಯಲಿಲ್ಲ ಅಂತ ಹೇಳಿಕೊಂಡು ತಿರುಗಿದೆ. ಹೇಡಿತನಕ್ಕೆ ಇಷ್ಟು ಒಳ್ಳೆಯ ಅಂಗಿ ಹೊಲಿದವನು ನಾನೊಬ್ಬನೇ ಇರಬೇಕು.

ಒಂದು ಪ್ರಯತ್ನ ಮಾಡಿದೆ, ಅದನ್ನೂ ಹೇಳುತ್ತೇನೆ. ಆಗಸ್ಟಿನಲ್ಲಿ ನಮ್ಮ ಬ್ಯಾಂಡಿನವರದ್ದು, ಹಾಲ್‌ನವರದ್ದು ಎಲ್ಲ ಸೇರಿ ಒಂದು ಸಂಜೆಯ ಕೂಟ ಇತ್ತು. ಕಾರ್ಯಕ್ರಮ ನಡೆಸುವುದು ಎಂದಿನ ಹಾಗೆ ನಾನು. ಅರವತ್ತು ಎಪ್ಪತ್ತು ಜನ, ನಿನ್ನನ್ನು ಬಿಟ್ಟವರೆಲ್ಲ ಒಂದೇ ಕೋಣೆಯಲ್ಲಿ. ಇದೇ ಸಮಯ ಅಂತ ಮೈಕ್ ಹಿಡಿದು, ಗೆಳೆಯರೇ, ಜನವರಿಯಲ್ಲಿ ನನ್ನ ಹೆಂಡತಿಗೆ ಶಾಕ್ ಕೊಟ್ಟವನು ನಾನೇ, ಅಂದೆ. ಕೋಣೆ ಬಿದ್ದು ಬಿದ್ದು ನಕ್ಕಿತು. ನಮ್ಮದೂ ಅದೇ ಕಥೆ ಅಂತ ಯಾರೋ ಕೂಗಿದರು. ಇಲ್ಲ, ನಿಜವಾಗಿಯೂ, ಪಿನ್ ಕಿತ್ತದ್ದು ನಾನು, ಅಫ್ರೋಝನದ್ದು ತಪ್ಪಿಲ್ಲ, ಅಂದೆ. ಇನ್ನೂ ಜೋರಾಗಿ ನಕ್ಕರು. ಡ್ರಮ್ಮಿನ ವಿಲ್ಲಿ, ಜೋಕಿಗೆ ಹೊಡೆಯುವ ಹಾಗೆ, ಒಂದು ಏಟು ಹಾಕಿದ. ಮೂರನೆಯ ಸಲ ಹೇಳಬೇಕಿತ್ತು ಅಫ್ರೋಝ್. ಬಾಯಿ ತೆರೆದೆ. ಆದರೆ ಚಪ್ಪಾಳೆ ಬಂತು, ನನ್ನ ಸೊಂಟ ತನ್ನಷ್ಟಕ್ಕೆ ಬಗ್ಗಿ ವಂದನೆ ಮಾಡಿತು. ಮೂವತ್ತು ವರ್ಷದಿಂದ ಜನರನ್ನು ನಗಿಸಿ ನಗಿಸಿ, ನಿಜ ಹೇಳಿದರೆ ಯಾರೂ ನಂಬದ ಜಾಗಕ್ಕೆ ಬಂದು ನಿಂತಿದ್ದೇನೆ. ಮನೆಗೆ ನಡೆದುಕೊಂಡೇ ಬಂದೆ.

ಇನ್ನೊಂದು ಸುಳ್ಳು ಸರಿ ಮಾಡಬೇಕು. ಪೆಡಲುಗಳು ಗುಂಯ್‌ಗುಡುತ್ತಿವೆ ಅಂತ ಮೇಲೆ ಬರೆದೆನಲ್ಲ, ಈಗ ಇಲ್ಲ. ಗುರುವಾರವೇ ನಿಂತಿತು. ಆಂಪ್ ಎದುರಿನ ಕೋಣೆಯ ಸಾಕೆಟ್ಟಿನಲ್ಲಿತ್ತು, ಪೆಡಲಿನ ಪವರ್ ಪೆಟ್ಟಿಗೆ ಮಲಗುವ ಕೋಣೆಯ ಸಾಕೆಟ್ಟಿನಲ್ಲಿತ್ತು. ಎರಡನ್ನೂ ಕಿತ್ತು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದೆ, ಮೂರೂ ಪಿನ್ ಸಮೇತ. ಆಂಪಿನ ಒಳಗಿನ ಆ ಕೊಳೆತ ವಯರನ್ನು ಬದಲಿಸಿಯಾಗಿತ್ತು. ಸ್ವಿಚ್ ಹಾಕಿದಾಗ ಅದರ ಮೈಮೇಲಿನ ಸಣ್ಣ ಕೆಂಪು ದೀಪ ಉರಿಯದಿದ್ದರೆ ಆಂಪ್ ಆನ್ ಆಗಿದೆ ಅಂತಲೂ ಗೊತ್ತಾಗದು. ಎಲ್ಲವನ್ನೂ ಒಂದೇ ಕಡೆಯಿಂದ ತೆಗೀಬೇಕು ಮಾರಾಯ ಅಂತ ನೀನು ಮೊದಲ ವರ್ಷದಿಂದ ಹೇಳಿದ್ದೇ ಸರಿ. ಮೂರು ಮೀಟರು ವಯರಿನ ಕೆಲಸ. ಹತ್ತು ನಿಮಿಷದ್ದು.

ಗೆದ್ದೆ ಅಂತ ಕೂತೆ. ಕೂತ ಮೇಲೆ ಗೊತ್ತಾಯಿತು, ಗುಂಯ್ ಇದ್ದಷ್ಟು ದಿನ ಮನೆಯಲ್ಲಿ ಯಾರೋ ಇದ್ದ ಹಾಗಿತ್ತು. ಅದನ್ನು ಹುಡುಕುವುದು ಒಂದು ಕೆಲಸವಾಗಿತ್ತು, ಬೈಯುವುದು ಒಂದು ಮಾತಾಗಿತ್ತು. ಕೋರಸ್ ಪೆಡಲ್ ಒತ್ತಿ ಒಂದು ಸ್ವರ ಬಾರಿಸಿದೆ, ಇಬ್ಬರಿದ್ದ ಹಾಗೆ ಕೇಳಿಸಿತು. ಕಾಲು ತೆಗೆದೆ. ಆ ಶುದ್ಧವಾದ ಮೌನದಲ್ಲಿ ಮಾಡಲು ಉಳಿದಿದ್ದ ಕೆಲಸ ಈ ಕಾಗದ ಒಂದೇ.

ಬಾ ಅಂತ ಕರೆಯುವುದಿಲ್ಲ. ಕ್ಷಮಿಸು ಅಂತ ಕೇಳಿದರೆ, ಇಲ್ಲ ಅನ್ನುವ ಕಷ್ಟವನ್ನೂ ನಿನ್ನ ತಲೆಗೇ ಕಟ್ಟಿದ ಹಾಗೆ. ಗ್ಲೆನಿಟಾಳಿಗೆ ಈ ಕಾಗದದ ವಿಷಯ ಹೇಳಿಲ್ಲ, ನೀನೂ ಹೇಳಬೇಕಾಗಿಲ್ಲ. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ, ಯಾವತ್ತೂ ಇರಲಿಲ್ಲ. ಇದನ್ನು ನಾನು ಹೇಳಬೇಕಾದ ದಿನ ಹೇಳಲಿಲ್ಲ.

ಹದಿನೆಂಟು ವರ್ಷ ನಿನ್ನ ಎಡಬದಿಯ ಸ್ಪೀಕರಿನ ಪಕ್ಕ ನಿಂತವನು,

ಬ್ರಯಾನ್

ತಾ.ಕ.: ಸೋಮವಾರ ಬೆಳಿಗ್ಗೆ. ಕವರ್ ಅಂಟಿಸಿರಲಿಲ್ಲ, ಅಂಟಿಸಲು ಆಗಲಿಲ್ಲ. ಅಲ್ಫೋನ್ಸ್ ಅಂಕಲ್ ಕೇಳಿದಾಗ ಸುಮ್ಮನಿದ್ದೆ ಅಂತ ಮೇಲೆ ಬರೆದಿದ್ದೇನೆ. ಸುಮ್ಮನಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ಅವರು, ಏನಾಯಿತು ಬ್ರಯಾನ್, ನಿನಗೆ ಇದರ ವಿದ್ಯೆ ಗೊತ್ತುಂಟಲ್ಲ, ಅಂತ ಕೇಳಿದರು. ಅಫ್ರೋಝನ ವಯರಿಂಗ್ ಮೊದಲಿಂದಲೂ ಹಾಗೆಯೇ, ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ, ಅಂದೆ. ಫಿಸಿಕ್ಸ್ ಲೆಕ್ಚರರ್ ಹೇಳಿದ್ದಾರೆ ಅಂತ ಅವರು ಉಳಿದ ಹಾಲ್‌ಗಳಿಗೆ ಫೋನ್ ಮಾಡಿದರು. ನಿನ್ನನ್ನು ಹೊರಗೆ ಹಾಕಿದ್ದು ಅವರು ಅಂತ ನೀನು ಈಗಲೂ ಅವರನ್ನು ಕಂಡರೆ ಮಾತಾಡುವುದಿಲ್ಲವಂತೆ. ಅವರು ನನ್ನ ಮಾತು ನಂಬಿದರು, ಅಷ್ಟೇ ಅವರ ತಪ್ಪು. ಇದು ಗ್ಲೆನಿಟಾಳಿಗೂ ಗೊತ್ತಿಲ್ಲ. ಇಷ್ಟನ್ನು ಇನ್ನೊಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿ, ಇವತ್ತು ಬೆಳಗಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಗೇಟಿನಲ್ಲಿ ಅವರ ಕೈಗೆ ಕೊಟ್ಟೆ. ಅಲ್ಲೇ ಕನ್ನಡಕ ಹಾಕಿಕೊಂಡು ಓದಿದರು. ಮುಖದಲ್ಲಿ ಸಣ್ಣ ನಗು ಇಟ್ಟುಕೊಂಡೇ ಕೊನೆಯ ಸಾಲಿನ ತನಕ ಬಂದರು. ನಗುವ ಜಾಗ ಇನ್ನೂ ಬಂದಿಲ್ಲ ಅಂತ ಹಾಳೆ ತಿರುಗಿಸಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲ.